ಬ್ಯಾಂಕಿನಲ್ಲಿ ಕಲಿಯೋಕೆ ಕೂತವರು

ಹೋದ ಅವರೆಕಾಯಿ ಕಾಲದಲ್ಲಿ ಜಗಲಿ ಮೇಲೆ ಕೂತು ಕಾಯಿ ಸುಲೀತಿದ್ವಿ. ನಮ್ಮಕ್ಕನ ಮಗಳು ಬಸ್ಸಿಳಿದು ಬಂದಳು, ಬ್ಯಾಗು ಒಳಗಿಟ್ಟು ಕೈಕಾಲು ತೊಳಕೊಂಡು ನಮ್ಮ ಜೊತೇಲಿ ಕೂತಳು. ಎದುರುಮನೆ ದೊಡ್ಡವ್ವ ಸುಮ್ನಿರ್ತಾರಾ, ಕೇಳೇಬಿಟ್ರು.

"ಬ್ಯಾಂಕಿಗೆ ಓಯ್ತಾವ್ಳಂತಲ್ಲ ಕನವ್ವಾ, ಪರ್ಮನೆಂಟಾ?"

"ಅಲ್ಲ ಕನ ದೊಡ್ಡವ್ವ, ಅಪ್ರೆಂಟಿಸು. ಒಂದು ವರ್ಷ."

"ಅಂಗಂದ್ರೆ?"

"ಕಲಿಯೋದು."

"ಡಿಗ್ರಿ ಮುಗಿಸ್ದೋಳು ಇನ್ನೇನ್ ಕಲಿಯದು? ಕಲ್ತ್‌ಮ್ಯಾಕೆ ಕೆಲ್ಸ ಕೊಟ್ಟಾರಾ?"

ಹುಡುಗಿ ಉತ್ತರ ಹೇಳದೆ ಮೊರದಿಂದ ಒಂದು ಹಿಡಿ ಕಾಯಿ ತಗೊಂಡಳು. ಮಾತು ಅಲ್ಲಿಗೇ ನಿಂತೋಯ್ತು. ನನಗೆ ಮಾತ್ರ ದೊಡ್ಡವ್ವನ ಆ ಪ್ರಶ್ನೆ ಮನಸ್ಸಲ್ಲೇ ಉಳ್ಕೊಂತು. ಬ್ಯಾಂಕಿನ ಕೆಲಸಾನ ಮೊದಲೆಲ್ಲ ಯಾರು ಕಲೀತಿದ್ರು, ಯಾರು ಕಲಿಸ್ತಿದ್ರು, ಕಲಿತೋರಿಗೆ ಕುರ್ಚಿ ಸಿಗ್ತಿತ್ತಾ? ಕೇಳಿದ್ದು, ಓದಿದ್ದು, ಕಂಡಿದ್ದು ಎಲ್ಲ ಸೇರಿಸಿ ಇವತ್ತು ಬರೀತಿದೀನಿ. ಒಸಿ ಉದ್ದ ಆಗುತ್ತೆ. ಒಲೆ ಮೇಲೆ ಏನಾದ್ರೂ ಇಟ್ಟಿದ್ರೆ ಇಳಿಸಿ ಬನ್ನಿ.

ಮೊದಲು ಹೆಸರು. ಸರ್ಕಾರದ ಕಾಗದದಲ್ಲಿ ಅಪ್ರೆಂಟಿಸಿಗೆ "ಶಿಶಿಕ್ಷು" ಅಂತ ಬರೀತಾರೆ. ನಮ್ಮತ್ತೆಗೆ ಓದಿ ಹೇಳಿದಾಗ ಅವರು "ಶಿಶು" ಅಂತ ಕೇಳಿಸ್ಕೊಂಡು, "ಇಪ್ಪತ್ಮೂರ್ ವರ್ಷದ್ ಎಣ್ಣು ಶಿಶುವಾ?" ಅಂತ ನಕ್ಕಿದ್ದೇ ನಕ್ಕಿದ್ದು. ಆ ಹುಡುಗಿಗೆ ಬ್ಯಾಂಕಿನಲ್ಲಿ ಮೊದಲ ಎರಡು ತಿಂಗಳು ಅದೇ ಲೆಕ್ಕವೇ ಇತ್ತು ಅಂತ ನಮಗೆ ಆಮೇಲೆ ತಿಳೀತು.

ನಮ್ಮ ರಾಜ್ಯದಲ್ಲಿ ಬ್ಯಾಂಕು ಕಟ್ಟೋದನ್ನ ದೊಡ್ಡದಾಗಿ ಮಾಡಿದೋರು ಕರಾವಳಿಯೋರು. 1906ರಲ್ಲಿ ಒಂದೇ ವರ್ಷದಲ್ಲಿ ಎರಡು ಬ್ಯಾಂಕು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರುಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯ್ತು. ಮಂಗಳೂರಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರುಮಾಡಿದ್ದು ಕೆನರಾ ಬ್ಯಾಂಕ್ ಆಯ್ತು. ಉಡುಪಿ ಬ್ಯಾಂಕಿನಲ್ಲಿ ಮೊದಲ ದಿನದ ವ್ಯವಹಾರ ಮುಗಿದಾಗ ಪೆಟ್ಟಿಗೇಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ನಮ್ಮ ಸ್ತ್ರೀಶಕ್ತಿ ಸಂಘದ ಮೊದಲ ವಾರದ ಉಳಿತಾಯ ನೆನಪಾಯ್ತು ನಂಗೆ. ಇನ್ನು ಸುಬ್ಬರಾವ್ ಪೈಗಳು ಬ್ಯಾಂಕು ಕಟ್ಟೋಕೆ ಹನ್ನೆರಡು ವರ್ಷ ಮುಂಚೆ, 1894ರಲ್ಲೇ, ಮಂಗಳೂರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ರು. ಆದ್ರೂ ಆ ಶಾಲೇಲಿ ಓದಿದ ಹೆಣ್ಣುಮಕ್ಕಳು ಬ್ಯಾಂಕಿನ ಮೇಜಿನ ಆಚೆ ಕಡೆ ಕೂರೋಕೆ ಇನ್ನೂ ಬಹಳ ಕಾಲ ಬೇಕಾಯ್ತು.

1925ರಲ್ಲಿ ಉಡುಪಿಯಲ್ಲೇ ಇನ್ನೊಂದು. ಟಿ.ಎಂ.ಎ. ಪೈ ಅನ್ನೋ ಡಾಕ್ಟರು, ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಮಾಡಿದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. ಮಗ್ಗದೋರು ಕಷ್ಟಕ್ಕೆ ಬಿದ್ದಿದ್ದ ಕಾಲ, ಅವರಿಗೆ ಕೈಸಾಲ ಕೊಡೋಕೆ ಅಂತಲೇ ಶುರುವಾದದ್ದು. ಮೇಲುಕೋಟೆಯ ನಮಗೆ ಮಗ್ಗದೋರ ಕಷ್ಟ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಂಚೆ ನೇಯೋ ಮನೆಗಳ ಸದ್ದು ಕೇಳ್ಕೊಂಡೇ ಬೆಳೆದೋರು ನಾವು.

ಈ ಬ್ಯಾಂಕಿನೋರು 1928ರಲ್ಲಿ ಪಿಗ್ಮಿ ಅಂತ ಒಂದು ತೆಗೆದರು. ನಿಮ್ಮಲ್ಲಿ ಅಂಗಡಿ ಇಟ್ಟಿದ್ದೋರಿಗೆ ಗೊತ್ತೇ ಇದೆ. ದಿನಾ ಒಬ್ಬ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಆದ್ರೂ ಸರಿ ತಗೊಂಡು ಚೀಟಿ ಕೊಟ್ಟು ಹೋಗೋನು. ಬ್ಯಾಂಕಿನ ಮೆಟ್ಟಿಲು ಹತ್ತೋಕೆ ಹೆದರೋ ಜನರ ಹತ್ರ ಬ್ಯಾಂಕೇ ನಡ್ಕೊಂಡು ಹೋಗೋ ಏರ್ಪಾಡು ಅದು. ನನ್ನ ಕೇಳಿದ್ರೆ ಬ್ಯಾಂಕಿನ ಕೆಲಸದ ನಿಜವಾದ ಪಾಠ ಅಲ್ಲೇ ಇತ್ತು. ಯಾವ ಮನೇಲಿ ಯಾರ ಕೈಲಿ ದುಡ್ಡಿದೆ, ಯಾರು ಸುಮ್ನೆ ನಾಳೆ ಬಾ ಅಂತಾರೆ, ಯಾರಿಗೆ ನಿಜವಾಗ್ಲೂ ಕಷ್ಟ ಇದೆ, ಇದನ್ನ ಕಲಿಯೋಕೆ ಬೀದಿ ತಿರುಗಬೇಕು. ಆದ್ರೆ ಆ ಪಿಗ್ಮಿ ಕಟ್ಟಿಸ್ಕೊಳ್ಳೋರು ಸಂಬಳದೋರಲ್ಲ, ಕಮಿಷನ್‌ನೋರು. ಅವರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ವೋ ಅನ್ನೋ ಜಗಳ ಕೋರ್ಟಿಗೆ ಹೋಗಿ, ಹೌದು ಅವರೂ ಕೆಲಸಗಾರರೇ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಎಪ್ಪತ್ತು ವರ್ಷ ದಾಟಿದ ಮೇಲೆ! ಈ ಮಾತು ಒಸಿ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮ ಮೈಸೂರು ಸೀಮೆಗೆ ಬಂದ್ರೆ, 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಶುರುವಾಯ್ತು. ಬೆಂಗಳೂರಿನ ಅವೆನ್ಯೂ ರಸ್ತೆ ಮೂಲೇಲಿ ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ ಅಂತಲೇ ಕಂಡಕ್ಟರು ಕೂಗೋದು. ಬ್ಯಾಂಕು ಮಾತ್ರ 2017ರ ಏಪ್ರಿಲ್ ಒಂದರಂದು ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯ್ತು. ನಮ್ಮತ್ತೆ ಹಳೇ ಪಾಸ್‌ಬುಕ್ಕನ್ನ ಬೀರುವಿನಲ್ಲಿ ಮದುವೆ ಸೀರೆ ಮಡಿಕೇಲಿ ಇಟ್ಟಿದಾರೆ. ದುಡ್ಡಿಲ್ಲ ಅದ್ರಲ್ಲಿ, ಆದ್ರೂ ಇಟ್ಟಿದಾರೆ.

ಹೆಣ್ಣುಮಕ್ಕಳು ಯಾವಾಗ ಬಂದ್ರು? 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಆ ಉಡುಪಿ ಬ್ಯಾಂಕಿನೋರು ಬರೀ ಹೆಂಗಸರೇ ನಡೆಸೋ ಒಂದು ಶಾಖೆ ತೆರೆದರು. ಆ ಕಾಲಕ್ಕೆ ಅದು ನೋಡೋಕೆ ಹೋಗೋ ಸಂಗತಿ. 1969ರ ಜುಲೈ 19ಕ್ಕೆ ಇಂದಿರಾಗಾಂಧಿ ಹದಿನಾಲ್ಕು ಬ್ಯಾಂಕುಗಳನ್ನ ಸರ್ಕಾರದ್ದು ಮಾಡಿದ ಮೇಲೆ ಹಳ್ಳಿಗಳಿಗೆ ಶಾಖೆಗಳು ಬಂದವು, ಜನ ಬೇಕಾದ್ರು, ಪರೀಕ್ಷೆ ಬಂತು. ಅಲ್ಲೀಗಂಟ ಬ್ಯಾಂಕಿಗೆ ಸೇರೋದು ಅಂದ್ರೆ ಯಾರಾದ್ರೂ ಗೊತ್ತಿರೋರು ಕರ್ಕೊಂಡೋಗಿ ಸೇರಿಸಬೇಕಿತ್ತು. ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ. ಕಲಿಸೋದೂ ಹಂಗೇ, ಪಕ್ಕದಲ್ಲಿ ಕೂರಿಸ್ಕೊಂಡು. ಚೆನ್ನಾಗೇ ಕಲಿಸ್ತಿದ್ರಂತೆ. ಆದ್ರೆ ನಮ್ಮ ಹೊಲಮನೆಯೋರ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋ ಮಾವ ಅಲ್ಲಿ ಯಾರಿದ್ದ?

ನಮ್ಮ ಕಡೆ ಮೇಷ್ಟ್ರ ಮಗಳೊಬ್ರು ಎಂಬತ್ತರ ದಶಕದಲ್ಲಿ ಪರೀಕ್ಷೆ ಬರೆದು ಕ್ಲರ್ಕ್ ಆದ್ರು. ಈಗ ನಿವೃತ್ತಿ. ನಾನು ಇದನ್ನ ಬರೀಬೇಕು ಅಂದಾಗ ಕಾಫಿ ಕೊಟ್ಟು ಕೂರಿಸ್ಕೊಂಡು ಎರಡು ಗಂಟೆ ಹೇಳಿದ್ರು. ಮೊದಲ ಆರು ತಿಂಗಳು ಪ್ರೊಬೇಷನ್. ಹೆಡ್ ಕ್ಯಾಷಿಯರ್ ಮೊದಲು ಕಲಿಸಿದ್ದು ನೋಟು ಎಣಿಸೋದು. ಒಂದು ಬಟ್ಟಲಲ್ಲಿ ಒದ್ದೆ ಸ್ಪಂಜು, ಬೆರಳು ಅದಕ್ಕೆ ಒತ್ತಿ ಒತ್ತಿ ನೂರು ನೋಟಿನ ಕಟ್ಟು ಎರಡು ಸಲ ಎಣಿಸಬೇಕು, ಎರಡನೇ ಸಲ ತಿರುಗಿಸಿಕೊಂಡು. ದುಡ್ಡು ತಗೊಳೋಕೆ ಬಂದೋರಿಗೆ ಹಿತ್ತಾಳೆ ಬಿಲ್ಲೆ ಕೊಡೋದು, ನಂಬರು ಕೂಗೋದು. ಆಳೆತ್ತರಕ್ಕೆ ಪೇರಿಸಿಟ್ಟ ಲೆಡ್ಜರುಗಳನ್ನ ಎದೆಗೆ ಅವಚಿಕೊಂಡು ಹೊರೋದು.

"ಅದೆಲ್ಲ ಕಷ್ಟ ಅಲ್ಲ ಕಣೇ. ಕಷ್ಟ ಅಂದ್ರೆ ಬ್ಯಾಲೆನ್ಸಿಂಗು" ಅಂದ್ರು. ಖಾತೆ ಖಾತೆಯ ಬಾಕಿ ಎಲ್ಲ ಕೂಡಿದಾಗ ಬರೋ ಮೊತ್ತಕ್ಕೂ ದೊಡ್ಡ ಪುಸ್ತಕದ ಮೊತ್ತಕ್ಕೂ ಒಂದು ಪೈಸೆ ವ್ಯತ್ಯಾಸ ಬರಂಗಿಲ್ಲ. ಬಂದ್ರೆ ಎಲ್ಲಿ ಬಂತು ಅಂತ ಹುಡುಕೋವರೆಗೆ ಏಳಂಗಿಲ್ಲ. ಒಂದು ಸಲ ಒಂಬತ್ತು ರೂಪಾಯಿ ವ್ಯತ್ಯಾಸ ಬಂದು, ಜಕ್ಕನಹಳ್ಳಿ ಕಡೆ ಬರೋ ಕೊನೇ ಬಸ್ಸು ತಪ್ಪಿ, ಸಹೋದ್ಯೋಗಿ ಮನೇಲಿ ಮಲಗಿದ್ರಂತೆ. ಊರಿಗೆ ತಿಳಿಸೋಕೆ ಫೋನಿಲ್ಲ. ಬೆಳಿಗ್ಗೆ ಮೇಷ್ಟ್ರು ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ರು. ಮನೇಲಿ ಅವರಮ್ಮ, "ಸಾಕು ಬುಡ್ರಿ ಈ ಕೆಲ್ಸ" ಅಂತ ಮೂರು ದಿನ ಹಠ ಹಿಡಿದಿದ್ರಂತೆ. ಒಂಬತ್ತು ರೂಪಾಯಿ ಯಾಕೆ ಅಂದ್ರೆ, 32 ಅಂತ ಬರಿಯೋದನ್ನ 23 ಅಂತ ಬರೆದಿದ್ರು ಯಾರೋ. ವ್ಯತ್ಯಾಸ ಒಂಬತ್ತರಿಂದ ಭಾಗ ಆಗೋದಾದ್ರೆ ಅಂಕಿ ಹಿಂದುಮುಂದಾಗಿರಬಹುದು ಅಂತ ಮೊದಲು ಹುಡುಕು ಅನ್ನೋದನ್ನ ಹಳೇ ಕ್ಯಾಷಿಯರು ಅವತ್ತು ರಾತ್ರಿ ಕಲಿಸಿದ್ರು. ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಬಸ್ಸು ತಪ್ಪಿಸ್ಕೊಂಡು ಕಲಿತದ್ದು.

ಈಗ ನಮ್ಮ ಹುಡುಗಿ ವಿಚಾರ. 1961ರಲ್ಲೇ ಅಪ್ರೆಂಟಿಸ್ ಕಾಯ್ದೆ ಅಂತ ಬಂದಿತ್ತು, ಕಾರ್ಖಾನೆಗಳಲ್ಲಿ ಫಿಟ್ಟರು, ಟರ್ನರು ಕಲಿಯೋ ಹುಡುಗರಿಗೆ. ಬಿ.ಎ., ಬಿ.ಕಾಂ. ಓದಿದೋರೂ ಇದರಡಿ ಕಲಿಯಬಹುದು ಅಂತ ಆಗಿದ್ದು 2014ರ ತಿದ್ದುಪಡಿಯಿಂದ. ಆಮೇಲೆ ದೊಡ್ಡ ದೊಡ್ಡ ಬ್ಯಾಂಕುಗಳು ಅಪ್ರೆಂಟಿಸ್ ತಗೊಳೋಕೆ ಶುರುಮಾಡಿದವು. ಸ್ಟೇಟ್ ಬ್ಯಾಂಕಿನೋರು 2023ರಲ್ಲಿ ದೇಶಕ್ಕೆಲ್ಲ 6,160 ಜನ ಬೇಕು ಅಂತ ಕರೆದರು, ಕೆನರಾ ಬ್ಯಾಂಕಿನೋರು 2024ರಲ್ಲಿ 3,000. ಕೆನರಾದ್ದು ಹೇಳ್ತೀನಿ, ನಿಮ್ಮ ಮಕ್ಕಳಿಗೆ ಬೇಕಾಗಬಹುದು: ಡಿಗ್ರಿ ಆಗಿರಬೇಕು, ವಯಸ್ಸು 20ರಿಂದ 28, ಬೇರೆ ಪರೀಕ್ಷೆ ಇಲ್ಲದೆ ಪಿಯುಸಿ ಅಂಕದ ಮೇಲೆ ಪಟ್ಟಿ, ಜೊತೆಗೆ ಊರಿನ ಭಾಷೆ ಬರಬೇಕು. ತಿಂಗಳಿಗೆ 15,000. ಅದ್ರಲ್ಲಿ 4,500 ಸರ್ಕಾರದ ಪಾಲು. ಒಂದು ವರ್ಷ ಆದ್ಮೇಲೆ ಸರ್ಟಿಫಿಕೇಟು. ಕೆಲಸ ಕೊಡಲೇಬೇಕು ಅಂತ ಇಲ್ಲ. ಕಾಯ್ದೇಲೇ ಬರೆದಿದೆ, ಅಪ್ರೆಂಟಿಸು ಅಂದ್ರೆ ಕಲಿಯೋರು, ಕೆಲಸಗಾರರಲ್ಲ. ಪಿಗ್ಮಿಯೋರ ಮಾತು ನೆನಪಿಟ್ಕೊಳ್ಳಿ ಅಂದೆನಲ್ಲ, ಇದಕ್ಕೇ.

ನಮ್ಮ ಹುಡುಗಿ ಯಾವ ಬ್ಯಾಂಕಿಗೆ ಹೋದಳು ಅಂತ ನಾನು ಬರೆಯಲ್ಲ. ಒಂದು ಊರಿನ ಒಂದು ಶಾಖೆ ಅಂದ್ಕೊಳ್ಳಿ. ಬೆಳಿಗ್ಗೆ ಏಳೂವರೆ ಬಸ್ಸು. ಈಗ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ, ಆ ಶಕ್ತಿ ಯೋಜನೆ ಇಲ್ಲದೇ ಇದ್ದಿದ್ರೆ ಹದಿನೈದು ಸಾವಿರದಲ್ಲಿ ಎಷ್ಟು ಬಸ್ಸಿಗೇ ಹೋಗ್ತಿತ್ತೋ.

ಮೊದಲ ವಾರ ಅವಳಿಗೆ ಕುರ್ಚಿಯೇ ಇರ್ಲಿಲ್ಲ. ಯಾರು ರಜೆ ಹಾಕ್ತಾರೋ ಅವರ ಕುರ್ಚೀಲಿ ಕೂರೋದು. ಜೆರಾಕ್ಸ್ ಮಾಡ್ಕೊಂಡು ಬಾ, ಈ ಫೈಲು ಕಟ್ಟು, ಆ ಅರ್ಜಿಗೆ ಸೀಲು ಹಾಕು. ಕಂಪ್ಯೂಟರಿನಲ್ಲಿ ಕೆಲಸ ಮಾಡೋಕೆ ಅವಳಿಗೆ ಸ್ವಂತ ಐಡಿ ಕೊಟ್ಟಿರಲಿಲ್ಲ. ಕೊಡದೇ ಇರೋದು ತಪ್ಪು ಅಂತ ನಾನು ಹೇಳಲ್ಲ, ಜನರ ದುಡ್ಡು ಅದು. ಆದ್ರೆ ನೋಡಿ, ಮೇಷ್ಟ್ರ ಮಗಳ ಕಾಲದಲ್ಲಿ ಲೆಡ್ಜರು ತೆರೆದು ಕೂತ್ರೆ ಪಕ್ಕದಲ್ಲಿ ಕೂತೋರಿಗೂ ಕಾಣೋದು, ತಪ್ಪು ಬರೆದ್ರೂ ಕಾಣೋದು, ತಿದ್ದಿದ್ರೂ ಕಾಣೋದು. ಈಗ ಕೂಡೋದು ಕಳೆಯೋದು ಎಲ್ಲ ಯಂತ್ರದ್ದು. ಪಕ್ಕದಲ್ಲಿ ನಿಂತೋಳಿಗೆ ಕಾಣೋದು ಬೆರಳು ಓಡಾಡೋದು ಅಷ್ಟೇ. "ಚಿಕ್ಕಮ್ಮ, ನಾನು ಬ್ಯಾಂಕಲ್ಲಿ ಇದೀನಿ, ಬ್ಯಾಂಕಿನ ಕೆಲಸದಲ್ಲಿಲ್ಲ" ಅಂತ ಒಂದು ರಾತ್ರಿ ಅತ್ತಳು. ನಮ್ಮಕ್ಕ ಬಿಟ್ಟುಬಿಡು ಅಂದಳು. ಭಾವ, ಬಿಟ್ರೆ ಜನ ಏನಂತಾರೆ ಅಂದ್ರು. ಇಬ್ಬರ ಮಾತೂ ಅವಳಿಗೆ ಬೇಕಿರಲಿಲ್ಲ.

ನಮ್ಮೂರಿನೋರಿಗೆ ಈ ಐಡಿ, ಕೀಲಿಕೈ ವಿಚಾರ ಹೊಸದಲ್ಲ ಅನ್ನಿಸುತ್ತೆ ನಂಗೆ. ವೈರಮುಡಿ ದಿನ ಏನಾಗುತ್ತೆ ಹೇಳಿ? ಕಿರೀಟ ಇರೋದು ಮಂಡ್ಯದ ಖಜಾನೇಲಿ. ಅಲ್ಲಿಂದ ಪೊಲೀಸು ಕಾವಲಲ್ಲಿ, ದಾರಿ ಉದ್ದಕ್ಕೂ ಹಳ್ಳಿ ಹಳ್ಳೀಲಿ ಪೂಜೆ ಮಾಡಿಸ್ಕೊಂಡು ಬೆಟ್ಟಕ್ಕೆ ಬರುತ್ತೆ. ಬಂದ ತಕ್ಷಣ ಯಾರೋ ಒಬ್ರು ಪೆಟ್ಟಿಗೆ ತೆಗೆದು ಚೆಲುವನಾರಾಯಣನ ತಲೆಗೆ ಇಡಂಗಿಲ್ಲ. ಅಧಿಕಾರಿಗಳು, ದೇವಸ್ಥಾನದೋರು ಎಲ್ಲ ಸೇರಿದ ಮೇಲೆ ಪಾರ್ಕಾವಣೆ. ತೆಗೆದು, ಪಟ್ಟಿ ಹಿಡಿದು ನೋಡಿ, ಎಲ್ಲ ಸರಿ ಅಂದ್ಮೇಲೆ ಉತ್ಸವಕ್ಕೆ. ಮುಗಿದ ಮೇಲೆ ವಾಪಸ್ಸು. ಬ್ಯಾಂಕಿನ ಖಜಾನೆ ಕೋಣೆಗೂ ಎರಡು ಕೀಲಿ, ಇಬ್ಬರ ಕೈಲಿ; ಒಬ್ಬರ ಕೀಲಿಯಿಂದ ಬಾಗಿಲು ತೆಗಿಯಲ್ಲ. ಇದನ್ನ ಹುಡುಗಿಗೆ ಹೇಳಿದೆ. "ಪಾರ್ಕಾವಣೇಲಿ ಪಟ್ಟಿ ಓದೋರಾದ್ರೂ ಬೇಕಲ್ಲ, ನನ್ನ ಅದಕ್ಕೂ ಕರೀತಿಲ್ಲ" ಅಂದಳು. ನಂಗೆ ಉತ್ತರ ಹೊಳೀಲಿಲ್ಲ.

ಕರೆದದ್ದು ಮೂರನೇ ತಿಂಗಳು. ಕರೆದೋರು ಬ್ಯಾಂಕಿನೋರಲ್ಲ, ಜನ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ದುಡ್ಡು ಶುರುವಾದಾಗಿಂದ ಬ್ಯಾಂಕಿನ ಮುಂದೆ ನಮ್ಮ ಹೆಂಗಸರ ಸಾಲು ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ಎರಡು ಸಾವಿರ ಬಂತಾ ಇಲ್ವಾ, ಆಧಾರ್ ಜೋಡಿಸಿದ್ದು ಯಾವ ಖಾತೆಗೆ, ಕೆವೈಸಿ ಅಂದ್ರೇನು, ಹಳೇ ಫೋನ್ ನಂಬರು ಹೋಯ್ತು ಏನ್ಮಾಡ್ಲಿ. ಕೌಂಟರಿನೋರಿಗೆ ಇಷ್ಟಕ್ಕೆಲ್ಲ ಉತ್ತರ ಕೊಡೋಕೆ ಪುರುಸೊತ್ತಿಲ್ಲ. ನಮ್ಮ ಹುಡುಗಿ ಬಾಗಿಲ ಹತ್ರ ನಿಂತು ಒಬ್ಬೊಬ್ಬರಿಗೆ ಹೇಳೋಕೆ ಶುರುಮಾಡಿದಳು. ಒಂದು ವಾರಕ್ಕೆ "ಆ ಮೇಲ್ಕೋಟೆ ಹುಡ್ಗಿ ಎಲ್ಲಿ?" ಅಂತ ಕೇಳ್ಕೊಂಡು ಬರೋಕೆ ಶುರುವಾಯ್ತಂತೆ.

ಒಂದಿನ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ರು. ದುಡ್ಡು ತೆಗೆಯೋ ಚೀಟಿ ಅವನೇ ಬರೆದು ತಂದಿದ್ದ, ಅಜ್ಜಿದು ಹೆಬ್ಬೆಟ್ಟು. ಇವಳು ಸುಮ್ನೆ ಮಾತಿಗೆ, "ಎಷ್ಟು ತಗೀಬೇಕಜ್ಜಿ?" ಅಂದಳು.

"ಎಲ್ಡು ಸಾವ್ರ ಕನವ್ವ. ಸುಗರ್ ಮಾತ್ರೆ ತಕಬೇಕು."

ಚೀಟೀಲಿ ಇದ್ದದ್ದು ಹನ್ನೆರಡು ಸಾವಿರ. ಇವಳಿಗೆ ಕೈ ನಡುಕ. ಹುಡುಗನ್ನ ಕಳ್ಳ ಅನ್ನೋಕಾಗಲ್ಲ, ಅಜ್ಜಿಗೇ ಮರೆವಿರಬಹುದು. ಇವಳೇನು ಅಧಿಕಾರಿಯೂ ಅಲ್ಲ. ಚೀಟಿ ಕೈಗೆ ತಗೊಂಡು ಎಲ್ಲರಿಗೂ ಕೇಳಿಸೋ ಹಂಗೆ, ನಿಧಾನಕ್ಕೆ ಓದಿದಳು. "ಹನ್ನೆರಡು ಸಾವಿರ ರೂಪಾಯಿ ಮಾತ್ರ. ಸರಿನಾ ಅಜ್ಜಿ?" ಅಜ್ಜಿ ಮೊಮ್ಮಗನ ಮುಖ ನೋಡಿದ್ರು. ಅವನು ತಪ್ಪಾಗಿ ಬರೆದುಬಿಟ್ಟೆ ಅಂತ ಚೀಟಿ ಇಸ್ಕೊಂಡು ಹರಿದ, ಬೇರೆ ಬರೆದ. ಅಜ್ಜಿ ಏನೂ ಅನ್ನಲಿಲ್ಲ. ಎರಡು ಸಾವಿರ ಎಣಿಸ್ಕೊಂಡು ಸೆರಗಿನ ತುದೀಲಿ ಗಂಟು ಹಾಕ್ಕೊಂಡು ಹೋದ್ರು. ಹಿಂದಿನ ಮೇಜಿನಿಂದ ಒಬ್ಬ ಅಧಿಕಾರಿ ನೋಡ್ತಾ ಇದ್ರಂತೆ. ಶಹಬ್ಬಾಸ್ ಏನೂ ಹೇಳಲಿಲ್ಲ. ಮಾರನೇ ದಿನ ಬಾಗಿಲ ಹತ್ರ ಒಂದು ಮೇಜು, ಒಂದು ಕುರ್ಚಿ ಹಾಕಿಸಿದ್ರು. ಆ ಕುರ್ಚಿ ವರ್ಷ ಮುಗಿಯೋವರೆಗೆ ಅವಳದೇ.

ಅಲ್ಲಿಂದ ಮುಂದೆ ಅವರೇ ಕರೆದು ಕರೆದು ಕಲಿಸಿದ್ರು. ಸಹಿ ಹೊಂದಿಸಿ ನೋಡೋದು, ಚೆಕ್ಕಿನಲ್ಲಿ ಅಂಕಿ ಒಂದು ಅಕ್ಷರ ಒಂದು ಇದ್ರೆ ಏನು ಮಾಡೋದು, ಬೆಳೆಸಾಲದ ಅರ್ಜಿ ಜೊತೆ ಪಹಣಿ ಯಾಕೆ ಕೇಳ್ತಾರೆ, ಒಡವೆ ಸಾಲದಲ್ಲಿ ಕಲ್ಲಿನ ತೂಕ ಯಾಕೆ ಕಳೀತಾರೆ. ಇದನ್ನ ಮನೆಗೆ ಬಂದು ನಮಗೂ ಹೇಳ್ತಿದ್ದಳು. ಬೆಂಡೋಲೆ ಇಟ್ಟು ಸಾಲ ತಂದಿದ್ದ ನಮ್ಮ ಓರಗಿತ್ತಿಗೆ ಅವತ್ತು ಗೊತ್ತಾಯ್ತು ಯಾಕೆ ಅಷ್ಟು ಕಮ್ಮಿ ಕೊಟ್ರು ಅಂತ.

ದೊಡ್ಡವ್ವನ ಪ್ರಶ್ನೆಗೆ ಬರ್ತೀನಿ. ಕೆಲಸ ಕೊಟ್ಟಾರಾ? ಕೊಡಲಿಲ್ಲ. ವರ್ಷ ಮುಗೀತು, ಸರ್ಟಿಫಿಕೇಟು ಕೊಟ್ರು, ಒಂದು ಹಾರ, ಒಂದು ಪುಳಿಯೋಗರೆ ಊಟ. ಪುಳಿಯೋಗರೆ ಇವಳೇ ಇಲ್ಲಿಂದ ತಗೊಂಡೋಗಿದ್ದಳು, ಮೇಲುಕೋಟೆಯೋಳು ಅಂದ್ಮೇಲೆ ಬಿಡ್ತಾರಾ. ಕ್ಲರ್ಕ್ ಆಗಬೇಕು ಅಂದ್ರೆ ಎಲ್ಲರಂಗೆ ಐಬಿಪಿಎಸ್ ಪರೀಕ್ಷೆ ಬರೀಬೇಕು. ಈಗ ಮೈಸೂರಲ್ಲಿ ಕೋಚಿಂಗಿಗೆ ಹೋಗ್ತಾಳೆ. ಆ ಪರೀಕ್ಷೇಲಿ ಅಜ್ಜಿ ಚೀಟಿ ಓದೋಕೆ ಬರುತ್ತಾ ಅಂತ ಕೇಳಲ್ಲ. ಗಡಿಯಾರ ಇಟ್ಕೊಂಡು ಲೆಕ್ಕ ಮಾಡಿಸ್ತಾರೆ.

ನಂಗೆ ಸಿಟ್ಟಿದೆ, ಸುಳ್ಳು ಹೇಳಲ್ಲ. ಹೋದ ಕಾಲದಲ್ಲಿ ಕಲಿಸಿದ್ರೆ ಕೂರಿಸ್ಕೊಳ್ತಿದ್ರು. ಈಗ ವರ್ಷಗಟ್ಟಲೆ ಕಲಿಸಿ, ಜನರಿಗೆ ಅಭ್ಯಾಸ ಆದ್ಮೇಲೆ ಕಳಿಸ್ತಾರೆ, ಇನ್ನೊಂದು ತಂಡ ಬರುತ್ತೆ. ವರ್ಷ ಕಲಿತೋರಿಗೆ ಪರೀಕ್ಷೇಲಿ ನಾಲ್ಕು ಅಂಕ ಆದ್ರೂ ಹೆಚ್ಚು ಕೊಡಬಾರದಾ? ಆದ್ರೆ ಹೋದ ಕಾಲವೇ ಚೆನ್ನಾಗಿತ್ತು ಅಂತಲೂ ನನ್ನ ಬಾಯಲ್ಲಿ ಬರಲ್ಲ. ಆಗ ಕಲಿಯೋಕೆ ಕೂರಬೇಕು ಅಂದ್ರೆ ಯಾರ ಮಗಳು ಅಂತ ಕೇಳ್ತಿದ್ರು. ಇವಳನ್ನ ಯಾರೂ ಹಂಗೆ ಕೇಳಲಿಲ್ಲ, ಪಿಯುಸಿ ಅಂಕ ಕೇಳಿದ್ರು, ಕನ್ನಡ ಬರುತ್ತಾ ಅಂದ್ರು, ಅಷ್ಟೇ.

ಮೊನ್ನೆ ಭಾನುವಾರ ಊರಿಗೆ ಬಂದಿದ್ದಳು. ನಮ್ಮ ಸ್ತ್ರೀಶಕ್ತಿ ಸಂಘದ ಹಳೇ ಪುಸ್ತಕಗಳನ್ನ ಅಟ್ಟದಿಂದ ಇಳಿಸಿ ಧೂಳು ಹೊಡೀತಿದ್ದೆ. 2003ರಲ್ಲಿ ಸಂಘ ಶುರುವಾದಾಗ ಅಂಗನವಾಡಿ ಟೀಚರು ಪಕ್ಕದಲ್ಲಿ ಕೂರಿಸ್ಕೊಂಡು ನಂಗೆ ಬರೆಯೋದು ಕಲಿಸಿದ್ರು. ಆರು ವರ್ಷ ನಾನೇ ಬರೆದೆ, ಒಂದು ದಿನವೂ ಯಾರೂ ತಪ್ಪು ಅಂದಿರಲಿಲ್ಲ. ಇವಳು ನೆಲದ ಮೇಲೆ ಕೂತು ಪೆನ್ಸಿಲ್ಲು ಹಿಡಿದು ಸುಮ್ನೆ ಕೂಡ್ತಾ ಹೋದಳು. ಒಂದು ಗಂಟೆ ಆದ್ಮೇಲೆ, "ಚಿಕ್ಕಮ್ಮ, 2006ರ ನವೆಂಬರಲ್ಲಿ ಮೂವತ್ತಾರು ರೂಪಾಯಿ ವ್ಯತ್ಯಾಸ ಇದೆ" ಅಂದಳು. ಮೂವತ್ತಾರು ಒಂಬತ್ತರಿಂದ ಭಾಗ ಆಗುತ್ತೆ ಅಂತ ನಾನೇ ಹೇಳಿದೆ. ಹುಡುಕಿದ್ವಿ. ಯಾರೋ ಕಟ್ಟಿದ 51ನ್ನ ನಾನು 15 ಅಂತ ಬರೆದಿದ್ದೆ. ಆ ಸಾಲಿನಲ್ಲಿ ಹೆಸರಿನ ಜಾಗ ಎಣ್ಣೆ ಬಿದ್ದು ಅಳಿಸಿಹೋಗಿದೆ, ಅಕ್ಷರ "ಮ್ಮ" ಅಷ್ಟೇ ಉಳಿದಿದೆ. ಗುರುವಾರ ಸಭೆಗೆ ಪುಸ್ತಕ ತರ್ತೀನಿ, 2006ರಲ್ಲಿ ಸಂಘದಲ್ಲಿದ್ದೋರೆಲ್ಲ ನಿಮ್ಮ ನಿಮ್ಮ ಹಳೇ ಪಾಸ್‌ಬುಕ್ಕು ಹುಡುಕಿ ತನ್ನಿ.